ತಬರ, ಭೋಲಾರಾಮ ಮತ್ತು ನಮ್ಮ ಕಡತಗಳು

(ಸಂಘದ ಸಾಹಿತ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



'ನಾನು ಓದಿದ್ದು, ನಾನು ನೋಡಿದ್ದು' ಎಂಬ ಈ ಮಾಲಿಕೆಯಲ್ಲಿ ನನಗಿಂತ ಮೊದಲು ಮಾತನಾಡಿದವರಲ್ಲಿ ಪ್ರಾಧ್ಯಾಪಕರಿದ್ದರು, ರಂಗಕರ್ಮಿಗಳಿದ್ದರು. ನಾನು ಅವರಿಬ್ಬರಲ್ಲಿ ಯಾರೂ ಅಲ್ಲ. ಸ್ನಾತಕೋತ್ತರ ಪದವಿಯ ದಿನಗಳಲ್ಲಿ ಓದಿದ ವಿಮರ್ಶೆಯ ಪರಿಭಾಷೆ ಬಹುಮಟ್ಟಿಗೆ ಸವೆದುಹೋಗಿದೆ. ಅದರ ಜಾಗದಲ್ಲಿ ಉಳಿದಿರುವುದು ಟಿಪ್ಪಣಿ, ಷರಾ, ಆಕ್ಷೇಪಣೆ, ಮರುಮಂಡನೆ ಎಂಬ ಕಚೇರಿಯ ಪರಿಭಾಷೆ. ಸುಮಾರು ಮೂರು ದಶಕಗಳ ಕಾಲ ಕೇಂದ್ರ ಸರ್ಕಾರದ ಮೇಜಿನ ಒಂದೇ ಬದಿಯಲ್ಲಿ ಕುಳಿತವನು ನಾನು. ಆದ್ದರಿಂದ ಆ ಮೇಜಿನ ಇನ್ನೊಂದು ಬದಿಯಲ್ಲಿ ನಿಂತವರ ಕುರಿತಾದ ಕೆಲವು ಕೃತಿಗಳನ್ನು ಇಂದು ನಿಮ್ಮ ಮುಂದಿಡಬೇಕೆಂದುಕೊಂಡಿದ್ದೇನೆ. ಒಂದು ಕನ್ನಡ ನಾಟಕ, ಒಂದು ಕನ್ನಡ ಕತೆ ಮತ್ತು ಅದರಿಂದ ಬಂದ ಚಲನಚಿತ್ರ, ಒಂದು ಹಿಂದೀ ಕತೆ, ಒಂದು ಹಿಂದೀ ದೂರದರ್ಶನ ಧಾರಾವಾಹಿ. ಕೊನೆಯಲ್ಲಿ ಒಂದು ಜಪಾನೀ ಚಿತ್ರದ ಮಾತೂ ಬರುತ್ತದೆ.

ಈ ಸಭಾಂಗಣದಲ್ಲಿ ಕುಳಿತವರನ್ನು ನೋಡಿದರೆ ಅರ್ಧಕ್ಕೂ ಹೆಚ್ಚು ಮಂದಿ ರೈಲ್ವೆ, ಅಂಚೆ, ಬ್ಯಾಂಕು, ಲೆಕ್ಕಪತ್ರ, ರಕ್ಷಣಾ ಇಲಾಖೆಗಳಲ್ಲಿ ದುಡಿಯುತ್ತಿರುವವರು ಅಥವಾ ದುಡಿದು ನಿವೃತ್ತರಾದವರು. ಹೊರನಾಡ ಕನ್ನಡಿಗರಲ್ಲಿ ಬಹಳ ಮಂದಿಯನ್ನು ಊರು ಬಿಡಿಸಿದ್ದು ಒಂದು ನೇಮಕಾತಿ ಪತ್ರ. ಊರಿಗೆ ಮರಳಲು ಬಿಡದೆ ಇಲ್ಲೇ ಹಿಡಿದಿಟ್ಟದ್ದೂ ಅದೇ. ಹಾಗಾಗಿ ನಾನು ಹೇಳಹೊರಟಿರುವುದು ಯಾರೋ ದೂರದವರ ಕತೆಯಲ್ಲ.

ಮೊದಲು ನಾಟಕ. ಗಿರೀಶ ಕಾರ್ನಾಡರ 'ತುಘಲಕ್' 1964ರಲ್ಲಿ ಬಂತು. ಈ ನಾಟಕದ ಬಗ್ಗೆ ದೆಹಲಿಯ ಕನ್ನಡಿಗರಿಗೆ ವಿಶೇಷವಾದ ಅಭಿಮಾನವಿರುವುದು ಸಹಜ. ಬಿ. ವಿ. ಕಾರಂತರು ಮಾಡಿದ ಹಿಂದುಸ್ತಾನಿ ಅನುವಾದದ ಮೂಲಕ ಅದು ರಾಷ್ಟ್ರೀಯ ನಾಟಕ ಶಾಲೆಯ ಅಂಗಳಕ್ಕೆ ಬಂತು. 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿಯವರು ಅದನ್ನು ಪುರಾನಾ ಕಿಲಾದ ಕಲ್ಲುಗೋಡೆಗಳ ನಡುವೆ ಆಡಿಸಿದರು. ಮನೋಹರ ಸಿಂಗ್ ಅವರ ಸುಲ್ತಾನ ಆ ಕಾಲದ ಪ್ರೇಕ್ಷಕರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತ. ಕರ್ನಾಟಕದಲ್ಲಿ ಸಿ. ಆರ್. ಸಿಂಹ ಅವರ ಸುಲ್ತಾನನಿಗೂ ಅಷ್ಟೇ ಪ್ರಸಿದ್ಧಿಯಿದೆ. ಅಲ್ಕಾಜಿಯವರ ಪ್ರಯೋಗವನ್ನು ನೋಡುವ ಭಾಗ್ಯ ನನ್ನ ವಯಸ್ಸಿನವರಿಗೆ ದೊರೆಯಲಿಲ್ಲ. ಆದರೆ 2012ರಲ್ಲಿ ಭಾನು ಭಾರತಿಯವರು ಫಿರೋಜ್ ಷಾ ಕೋಟ್ಲಾದಲ್ಲಿ ಆಡಿಸಿದಾಗ ನಾನು ನೋಡಿದೆ. ಮಹಮದ್ ಬಿನ್ ತುಘಲಕನ ನಂತರ ಸಿಂಹಾಸನವೇರಿದ ಫಿರೋಜ್ ಷಾ ಕಟ್ಟಿಸಿದ ಕೋಟೆಯದು. ಉತ್ತರಾಧಿಕಾರಿಯ ಮನೆಯಂಗಳದಲ್ಲಿ ಹಿಂದಿನ ದೊರೆಯ ಲೆಕ್ಕಪರಿಶೋಧನೆ ನಡೆದಂತೆ ಕಂಡಿತು ನನ್ನ ಕಚೇರಿಯ ಕಣ್ಣಿಗೆ.

ಎಲ್ಲರೂ ಸುಲ್ತಾನನನ್ನು ನೋಡುತ್ತಾರೆ. ಅವನ ಕನಸು, ಅವನ ಕ್ರೌರ್ಯ, ಅವನ ಏಕಾಂತ, ನೆಹರೂ ಯುಗದ ಭ್ರಮನಿರಸನದೊಡನೆ ಅದಕ್ಕಿರುವ ಸಂಬಂಧ ಇವುಗಳ ಬಗ್ಗೆ ಸಾಕಷ್ಟು ಬರೆದಾಗಿದೆ. ನನ್ನ ಕಣ್ಣು ಮಾತ್ರ ಪ್ರತಿ ಬಾರಿಯೂ ಅಜೀಜನ ಮೇಲೆ ಹೋಗುತ್ತದೆ. ಅಜೀಜನು ಜಾತಿಯಿಂದ ಅಗಸ. ಸುಲ್ತಾನನ ಮೇಲೂ ಪ್ರಜೆ ದಾವೆ ಹೂಡಬಹುದು ಎಂಬ ಘೋಷಣೆಯನ್ನು ಕೇಳಿದ ಕೂಡಲೇ ಅವನು ಮಾಡುವುದೇನು? ಭೂಮಿ ಕಳೆದುಕೊಂಡ ಬ್ರಾಹ್ಮಣನೊಬ್ಬನಿಂದ ಹಿಂದಿನ ತಾರೀಖು ಹಾಕಿದ ಕ್ರಯಪತ್ರ ಮಾಡಿಸಿಕೊಂಡು, ಅದೇ ಬ್ರಾಹ್ಮಣನ ವೇಷದಲ್ಲಿ ನ್ಯಾಯಾಲಯಕ್ಕೆ ಹೋಗಿ, ಸುಲ್ತಾನನ ವಿರುದ್ಧವೇ ಗೆದ್ದು ಬರುತ್ತಾನೆ. ಪರಿಹಾರವಾಗಿ ಬೆಳ್ಳಿ ನಾಣ್ಯಗಳೂ ಸಿಗುತ್ತವೆ, ಸರ್ಕಾರಿ ನೌಕರಿಯೂ ಸಿಗುತ್ತದೆ! ದಾಖಲೆ ಸರಿಯಿದೆ, ಮೊಹರು ಸರಿಯಿದೆ, ಮನುಷ್ಯ ಮಾತ್ರ ಬೇರೆ.

ಮುಂದೆ ದೌಲತಾಬಾದಿನ ದಾರಿಯ ಡೇರೆಯಲ್ಲಿ ಅದೇ ಅಜೀಜ ಅಧಿಕಾರಿಯಾಗಿ ಕುಳಿತಿರುತ್ತಾನೆ. ಸಾಯುತ್ತಿರುವ ಮಗುವನ್ನು ಎತ್ತಿಕೊಂಡು ಬಂದ ತಾಯಿಯೊಬ್ಬಳು ವೈದ್ಯನ ಬಳಿಗೆ ಹೋಗಲು ಅಪ್ಪಣೆ ಬೇಡುತ್ತಾಳೆ. ಹಣವಿಲ್ಲದೆ ಅಪ್ಪಣೆಯಿಲ್ಲ. ಕೋಟ್ಲಾದ ಬಯಲಿನಲ್ಲಿ ಆ ದೃಶ್ಯ ಬಂದಾಗ ನನಗೆ ಅನ್ನಿಸಿದ್ದು ಇದು: ಸುಲ್ತಾನನ ಆದರ್ಶಕ್ಕೂ ಆ ತಾಯಿಗೂ ನಡುವೆ ಇರುವುದು ಒಂದೇ ಒಂದು ಮೇಜು. ಇತಿಹಾಸದಲ್ಲಿ ಸುಲ್ತಾನನ ಹೆಸರು ಉಳಿಯುತ್ತದೆ. ಆ ತಾಯಿಯ ಪಾಲಿಗೆ ರಾಜ್ಯವೆಂದರೆ ಮೇಜಿನ ಹಿಂದೆ ಕುಳಿತವನೇ. ಕಾರ್ನಾಡರು ಈ ಸತ್ಯವನ್ನು ಇಪ್ಪತ್ತಾರರ ಆಸುಪಾಸಿನ ವಯಸ್ಸಿನಲ್ಲೇ ಕಂಡುಕೊಂಡರೆಂಬುದು ನನಗೆ ಇಂದಿಗೂ ವಿಸ್ಮಯ.

ಈಗ ತಬರನ ಬಳಿಗೆ ಬರೋಣ. ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕತೆ' ಅವರ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿದೆ. ಗಿರೀಶ ಕಾಸರವಳ್ಳಿಯವರ ಚಲನಚಿತ್ರ 'ತಬರನ ಕಥೆ' 1986ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ತಬರಶೆಟ್ಟಿಯ ಪಾತ್ರ ವಹಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಚಾರುಹಾಸನ್ ತಮಿಳು ಮಾತೃಭಾಷೆಯವರು, ವೃತ್ತಿಯಿಂದ ವಕೀಲರಾಗಿದ್ದವರು. ವಾದ ಮಾಡಿ ಬದುಕಿದವರೊಬ್ಬರು, ವಾದ ಮಾಡಲು ಬಾರದ ಮಲೆನಾಡಿನ ಬಡ ನೌಕರನಾಗಿ ನಮ್ಮ ಮುಂದೆ ಕೈಮುಗಿದು ನಿಂತರು.

ಆ ಕಾಲದಲ್ಲಿ ದೂರದರ್ಶನವು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿವಿಜೇತ ಚಿತ್ರಗಳನ್ನು ರಾಷ್ಟ್ರೀಯ ಜಾಲದಲ್ಲಿ ತೋರಿಸುತ್ತಿತ್ತು. ನಮ್ಮಲ್ಲಿ ಹಿರಿಯರಿಗೆ ಅದರ ಮಹತ್ವ ಗೊತ್ತು. ಎಷ್ಟೋ ವಾರ ಕಾದ ಮೇಲೆ ಕನ್ನಡದ ಸರದಿ ಬರುತ್ತಿತ್ತು. ಪಕ್ಕದ ಮನೆಯ ಪಂಜಾಬಿಯೂ ಬಂಗಾಳಿಯೂ ನಮ್ಮೊಂದಿಗೆ ಕುಳಿತು, ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಓದುತ್ತ, ನಮ್ಮ ಭಾಷೆಯ ಚಿತ್ರವನ್ನು ನೋಡುತ್ತಿದ್ದರು. ಇಂದು ನೂರು ವಾಹಿನಿಗಳಿವೆ. ಬೆರಳ ತುದಿಯಲ್ಲಿ ಬೇಕಾದ ಚಿತ್ರವಿದೆ. ಆದರೆ ನೆರೆಯವನನ್ನು ಕನ್ನಡ ಚಿತ್ರದ ಮುಂದೆ ಕೂರಿಸುವ ಅಂಥ ಭಾನುವಾರ ಮಾತ್ರ ಇಲ್ಲವಾಗಿದೆ.

ಕತೆ ನಿಮಗೆ ಗೊತ್ತಿರುವುದೇ. ಬ್ರಿಟಿಷರ ಕಾಲವನ್ನೂ ಕಂಡ, ಸರ್ಕಾರವೆಂದರೆ ದೇವರೆಂದು ನಂಬಿದ ಸಣ್ಣ ನೌಕರ ತಬರ. ನಿವೃತ್ತನಾಗುತ್ತಾನೆ. ಕಂದಾಯ ವಸೂಲಿಯ ಹಳೆಯ ಲೆಕ್ಕ ಚುಕ್ತಾ ಆಗದೆ ಅವನ ಪಿಂಚಣಿ ನಿಲ್ಲುತ್ತದೆ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೊಳೆಯತೊಡಗುತ್ತದೆ. ಚಿಕಿತ್ಸೆಗೆ ಹಣ ಬೇಕು. ಹಣಕ್ಕೆ ಪಿಂಚಣಿ ಬರಬೇಕು. ಪಿಂಚಣಿಗೆ ಕಾಗದ ಚಲಿಸಬೇಕು. ಗಾಯ ಬೆಳೆಯುವ ವೇಗ ಒಂದು, ಕಾಗದ ನಡೆಯುವ ವೇಗ ಇನ್ನೊಂದು. ಈ ಎರಡು ವೇಗಗಳ ನಡುವೆ ಅವಳು ಸಾಯುತ್ತಾಳೆ, ಅವನ ಬುದ್ಧಿ ಕೆಡುತ್ತದೆ.

ಕತೆಗೂ ಚಿತ್ರಕ್ಕೂ ಇರುವ ವ್ಯತ್ಯಾಸದ ಬಗ್ಗೆ ಒಂದು ಮಾತು. ತೇಜಸ್ವಿಯವರ ಗದ್ಯಕ್ಕೆ ತುಂಟತನವಿದೆ. ದುರಂತವನ್ನು ಹೇಳುವಾಗಲೂ ಅದರ ತುಟಿಯಂಚಿನಲ್ಲಿ ಸಣ್ಣ ನಗೆಯಿರುತ್ತದೆ. ಊರಿನ ಮೂರ್ಖತನ, ಅಧಿಕಾರಿಗಳ ಗತ್ತು, ತಬರನ ಬೆಪ್ಪುತನ ಇವೆಲ್ಲವೂ ಒಂದೇ ಬಿಸಿಲಿನಲ್ಲಿ ಒಣಗಲು ಹಾಕಿದಂತೆ ನಮಗೆ ಕಾಣುತ್ತವೆ. ಕಾಸರವಳ್ಳಿಯವರು ಆ ನಗೆಯನ್ನು ತಗ್ಗಿಸಿ ಮೌನವನ್ನು ಹೆಚ್ಚಿಸಿದ್ದಾರೆ. ಕತೆಯನ್ನು ಒಂದು ಗಂಟೆಯೊಳಗೆ ಓದಿ ಮುಗಿಸಬಹುದು. ಚಿತ್ರವು ನಮ್ಮನ್ನು ಕಚೇರಿಯ ಹೊರಗೆ ತಬರನೊಂದಿಗೆ ಕಾಯಿಸುತ್ತದೆ. ಕಾಯುವಿಕೆಯನ್ನು ಓದುವುದು ಬೇರೆ, ಕಾಯುವುದು ಬೇರೆ. ನಗೆಯನ್ನು ಕಳೆದುಕೊಂಡದ್ದು ಚಿತ್ರಕ್ಕೆ ನಷ್ಟವೇ ಎಂದು ಕೇಳಿದರೆ, ಸ್ವಲ್ಪ ನಷ್ಟವೇ ಎನ್ನುತ್ತೇನೆ. ಆದರೆ ಕಾಲದ ಭಾರವನ್ನು ನಮ್ಮ ಹೆಗಲಿಗೇ ಹೊರಿಸಿದ್ದು ಚಿತ್ರದ ದೊಡ್ಡ ಗಳಿಕೆ.

ಒಬ್ಬ ಅಧಿಕಾರಿಯಾಗಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ. ತಬರನ ಕತೆಯಲ್ಲಿ ಖಳನಾಯಕನೆಂದು ಬೊಟ್ಟು ಮಾಡಬಹುದಾದವರು ಯಾರೂ ಇಲ್ಲ. ಪ್ರತಿಯೊಬ್ಬ ಗುಮಾಸ್ತನೂ ತನ್ನ ಮಟ್ಟಿಗೆ ನಿಯಮದಂತೆಯೇ ನಡೆಯುತ್ತಾನೆ. ಲೆಕ್ಕ ತಾಳೆಯಾಗದಿದ್ದರೆ ಬಾಕಿಯಿಲ್ಲವೆಂಬ ಪತ್ರ ಕೊಡುವುದು ಹೇಗೆ? ಅದಿಲ್ಲದೆ ಪಿಂಚಣಿ ಮಂಜೂರು ಮಾಡುವುದು ಹೇಗೆ? ನಾಳೆ ಲೆಕ್ಕಪರಿಶೋಧಕರು ಕೇಳಿದರೆ ಉತ್ತರಿಸುವವರು ಯಾರು? ಇವು ಸುಳ್ಳು ಪ್ರಶ್ನೆಗಳಲ್ಲ. ಈ ಸಭೆಯಲ್ಲಿರುವ ಯಾವ ಲೆಕ್ಕಾಧಿಕಾರಿಯೂ ಅವನ್ನು ತಳ್ಳಿಹಾಕಲಾರರು. ಎಲ್ಲ ಪ್ರಶ್ನೆಗಳೂ ಸರಿ, ಒಟ್ಟಾರೆ ಫಲ ಮಾತ್ರ ಒಂದು ಕೊಲೆ. ಲಂಚಕೋರನನ್ನು ತೋರಿಸಿದ್ದರೆ ನಾವು ನಿರಾಳವಾಗಿ ಮನೆಗೆ ಹೋಗುತ್ತಿದ್ದೆವು. ಆತ ಕೆಟ್ಟವನು, ನಾನು ಹಾಗಲ್ಲ ಎಂದುಕೊಳ್ಳುತ್ತಿದ್ದೆವು. ತೇಜಸ್ವಿ ಆ ನೆಮ್ಮದಿಯನ್ನು ನಮಗೆ ಕೊಡುವುದಿಲ್ಲ.

ಇಲ್ಲಿ ಅಜೀಜನನ್ನು ಮತ್ತೆ ನೆನೆಯಬೇಕು. ಇಷ್ಟೊಂದು ನಿಯಮಗಳು ಏಕೆ ಹುಟ್ಟುತ್ತವೆ? ಅಜೀಜನಂಥವರು ಇರುವುದರಿಂದ. ಹಿಂದಿನ ತಾರೀಖಿನ ಕ್ರಯಪತ್ರ ಮಾಡಿಸಿದವನೊಬ್ಬ ಸಿಕ್ಕಿಬಿದ್ದರೆ, ಮರುದಿನ ಎಲ್ಲ ಕ್ರಯಪತ್ರಗಳಿಗೂ ಇನ್ನೊಂದು ದೃಢೀಕರಣ ಬೇಕೆಂಬ ಸುತ್ತೋಲೆ ಹೊರಡುತ್ತದೆ. ಆದರೆ ಅಜೀಜನು ಸುತ್ತೋಲೆಯನ್ನು ಓದಬಲ್ಲ. ಅದರ ಸಂದುಗೊಂದುಗಳನ್ನು ಹುಡುಕಬಲ್ಲ. ತಬರನಿಗೆ ಅದು ಸಾಧ್ಯವಿಲ್ಲ. ಅಜೀಜನನ್ನು ಹಿಡಿಯಲೆಂದು ಒಡ್ಡಿದ ಬಲೆಯಲ್ಲಿ ಬೀಳುವವನು ತಬರ. ನಾಟಕದ ಕೊನೆಯಲ್ಲಿ ಅಜೀಜನಿಗೆ ಸುಲ್ತಾನನಿಂದ ಕ್ಷಮೆ ಸಿಗುತ್ತದೆ, ಹುದ್ದೆಯೂ ಸಿಗುತ್ತದೆ. ತಬರನಿಗೆ ಸಿಗುವುದೇನೆಂದು ನಮಗೆ ಗೊತ್ತು. ಕನ್ನಡದ ಇಬ್ಬರು ಲೇಖಕರು ಒಂದು ದಶಕದ ಅಂತರದೊಳಗೆ ಬರೆದ ಈ ಎರಡು ಕೃತಿಗಳನ್ನು ನಾನು ಸದಾ ಜೊತೆಯಾಗಿಯೇ ಓದುತ್ತೇನೆ. ಒಂದರ ಪ್ರಶ್ನೆಗೆ ಇನ್ನೊಂದರಲ್ಲಿ ಉತ್ತರವಿದೆ.

ಇನ್ನು ಹಿಂದಿಯ ಕಡೆಗೆ. ಉತ್ತರದಲ್ಲಿ ಬದುಕುವ ಕನ್ನಡಿಗರಾದ ನಮಗೆ ಒಂದು ಲಾಭವಿದೆ. ಎರಡು ಸಾಹಿತ್ಯಗಳ ಅಂಗಳದಲ್ಲಿ ನಾವು ಓಡಾಡಬಹುದು. ಆ ಲಾಭವನ್ನು ನಾವು ಸಾಕಷ್ಟು ಬಳಸಿಕೊಳ್ಳುತ್ತಿಲ್ಲವೆಂಬುದು ನನ್ನ ದೂರು. ಹಿಂದೀ ವಿಡಂಬನೆಯ ಮಹಾನ್ ಲೇಖಕ ಹರಿಶಂಕರ ಪರಸಾಯಿ (1924–1995) ಅವರ 'ಭೋಲಾರಾಮ್ ಕಾ ಜೀವ್' ಎಂಬ ಪುಟ್ಟ ಕತೆಯನ್ನು ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಓದಿರಬಹುದು. ಯಮಲೋಕದಲ್ಲಿ ಗದ್ದಲ. ಭೋಲಾರಾಮನೆಂಬವನು ಸತ್ತು ದಿನಗಳಾದರೂ ಅವನ ಜೀವ ಅಲ್ಲಿಗೆ ತಲುಪಿಲ್ಲ. ದೂತನ ಕೈಯಿಂದಲೇ ತಪ್ಪಿಸಿಕೊಂಡಿದೆ. ಚಿತ್ರಗುಪ್ತನ ಲೆಕ್ಕ ತಾಳೆಯಾಗುತ್ತಿಲ್ಲ. ನಾರದರು ಹುಡುಕಲು ಹೊರಟು ಜಬಲ್ಪುರದ ಒಂದು ಬಡ ಮನೆಗೆ ಬರುತ್ತಾರೆ. ನಿವೃತ್ತನಾಗಿ ಐದು ವರ್ಷವಾದರೂ ಪಿಂಚಣಿ ಬಾರದೆ ಸತ್ತವನ ಹೆಂಡತಿ ಮಕ್ಕಳು ಅಲ್ಲಿದ್ದಾರೆ. ನಾರದರು ಕಚೇರಿಗೆ ಹೋದರೆ, ಅರ್ಜಿಗಳ ಮೇಲೆ 'ತೂಕ' ಇಡದ್ದರಿಂದ ಅವು ಹಾರಿಹೋಗಿರಬೇಕೆಂಬ ವಿವರಣೆ ದೊರೆಯುತ್ತದೆ. ದೊಡ್ಡ ಸಾಹೇಬರ ಕಣ್ಣು ನಾರದರ ವೀಣೆಯ ಮೇಲೆಯೇ ಬೀಳುತ್ತದೆ. ವೀಣೆ ಮೇಜಿಗೇರುತ್ತದೆ, ಕಡತ ತೆರೆಯುತ್ತದೆ. ಭೋಲಾರಾಮನ ಹೆಸರು ಹೇಳಿದೊಡನೆ ಕಡತದೊಳಗಿನಿಂದಲೇ ಅವನ ದನಿ ಕೇಳಿಸುತ್ತದೆ. ಜೀವ ಪಿಂಚಣಿಯ ಕಾಗದಗಳಲ್ಲಿ ಸಿಕ್ಕಿಕೊಂಡಿದೆ. ಸ್ವರ್ಗಕ್ಕೆ ಕರೆದರೂ ಅದು ಬರಲೊಲ್ಲದು.

ಪುರಾಣವನ್ನು ಇಷ್ಟು ಸಲೀಸಾಗಿ ಕಚೇರಿಗೆ ಇಳಿಸುವ ಕಲೆ ಪರಸಾಯಿಯವರದು. ಆದರೆ ಅವರ ರೋಗನಿದಾನಕ್ಕೂ ತೇಜಸ್ವಿಯವರದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಭೋಲಾರಾಮನ ಸಮಸ್ಯೆಗೆ ಮದ್ದುಂಟು. ಮದ್ದಿನ ಹೆಸರು ತೂಕ. ಅದನ್ನು ಇಟ್ಟೊಡನೆ ಕಡತ ತೆರೆಯಿತು. ತಬರನ ಸಮಸ್ಯೆ ಅಷ್ಟು ಸರಳವಲ್ಲ. ಅವನ ಬಳಿ ವೀಣೆ ಇರಲಿಲ್ಲ. ಇದ್ದಿದ್ದರೂ ಅವನ ಕಡತ ತೆರೆಯುತ್ತಿತ್ತೆಂದು ಹೇಳಲಾಗದು. ಲಂಚದ ಕಚೇರಿಯಲ್ಲಿ ಬಡವನಿಗೆ ಕನಿಷ್ಠಪಕ್ಷ ಬೆಲೆ ಎಷ್ಟೆಂದು ತಿಳಿಯುತ್ತದೆ. ನಿಯಮದ ಕಚೇರಿಯಲ್ಲಿ ಅದೂ ತಿಳಿಯುವುದಿಲ್ಲ. ಹೀಗೆಂದ ಮಾತ್ರಕ್ಕೆ ನಾನು ಲಂಚವನ್ನು ಸಮರ್ಥಿಸುತ್ತಿದ್ದೇನೆಂದು ದಯವಿಟ್ಟು ಭಾವಿಸಬಾರದು. ಪ್ರಾಮಾಣಿಕತೆಯೊಂದೇ ಸಾಲದು ಎಂದಷ್ಟೇ ನನ್ನ ವಾದ. ಕೈ ಶುದ್ಧವಾಗಿದ್ದು ಕಣ್ಣು ಮುಚ್ಚಿದ್ದರೆ ಎದುರಿಗೆ ನಿಂತವನಿಗೆ ಅದರಿಂದ ಯಾವ ಉಪಯೋಗವೂ ಇಲ್ಲ.

ಈ ಭೋಲಾರಾಮನ ವಂಶದಲ್ಲೇ ಹುಟ್ಟಿದವನು ದೂರದರ್ಶನದ ಪರದೆಯ ಮುಸದ್ದಿಲಾಲ. 2001ರಲ್ಲಿ ಸಬ್ ಟಿವಿಯಲ್ಲಿ ಆರಂಭವಾದ 'ಆಫೀಸ್ ಆಫೀಸ್' ಧಾರಾವಾಹಿಯಲ್ಲಿ ಪಂಕಜ್ ಕಪೂರ್ ಆ ಪಾತ್ರವನ್ನು ವಹಿಸಿದ್ದರು. ರಾಜೀವ್ ಮೆಹ್ರಾ ಅದರ ನಿರ್ದೇಶಕರು. ಮುಸದ್ದಿಲಾಲ ಪ್ರತಿ ಕಂತಿನಲ್ಲೂ ಬೇರೆ ಬೇರೆ ಕಚೇರಿಗೆ ಹೋಗುತ್ತಾನೆ. ಆದರೆ ಮೇಜಿನ ಹಿಂದೆ ಅದೇ ಶುಕ್ಲಾ, ಅದೇ ಭಾಟಿಯಾ, ಅದೇ ಪಟೇಲ್, ಅದೇ ಪಾಂಡೆ, ಅದೇ ಉಷಾ. ಒಂದು ದಿನ ಅವರು ಆಸ್ಪತ್ರೆಯವರು, ಇನ್ನೊಂದು ದಿನ ಇನ್ನಾವುದೋ ಇಲಾಖೆಯವರು. ಈ ಉಪಾಯವನ್ನು ನಾನು ಬಹಳ ಮೆಚ್ಚುತ್ತೇನೆ. ನಿರ್ಮಾಣದ ಖರ್ಚು ಉಳಿಸಲು ಮಾಡಿದ್ದೋ ಏನೋ, ಅದರಿಂದ ಒಂದು ಸತ್ಯವಂತೂ ಹೊರಬಿತ್ತು: ಸಾಮಾನ್ಯನ ಕಣ್ಣಿಗೆ ಸರ್ಕಾರದ ಇಲಾಖೆಗಳು ಹಲವಾದರೂ ಮುಖ ಒಂದೇ.

ಮೆಚ್ಚುಗೆಯೊಂದಿಗೆ ಒಂದು ಆಕ್ಷೇಪಣೆಯನ್ನೂ ದಾಖಲಿಸಬೇಕು. ಪಾನ್ ಜಗಿಯುವವನು, ಸದಾ ತಿನ್ನುವವನು, ಎರಡೆರಡು ಮಾತು ಹೇಳುವವನು ಎಂದು ಒಬ್ಬೊಬ್ಬರಿಗೂ ಒಂದೊಂದು ಚಾಳಿಯನ್ನು ಅಂಟಿಸಿದ್ದರಿಂದ, ಕೆಲವು ಕಂತುಗಳ ನಂತರ ನಾವು ಆ ಚಾಳಿಗಳನ್ನೇ ಕಾಯತೊಡಗಿದೆವು. ಮುಸದ್ದಿಲಾಲನ ಕಷ್ಟ ಹಿಂದೆ ಸರಿಯಿತು. ನಮ್ಮನ್ನು ಹಿಂಸಿಸುವವರ ಮೇಲೆ ನಮಗೇ ಮೋಹ ಹುಟ್ಟಿತು. ಸರ್ಕಾರಿ ನೌಕರರ ಕುಟುಂಬಗಳಲ್ಲೇ ಈ ಧಾರಾವಾಹಿ ಅಷ್ಟು ಜನಪ್ರಿಯವಾದದ್ದಕ್ಕೆ ಇದೂ ಒಂದು ಕಾರಣವಿರಬೇಕು. ಪ್ರತಿಯೊಬ್ಬರೂ ತಮ್ಮ ಸಹೋದ್ಯೋಗಿಯನ್ನು ಅದರಲ್ಲಿ ಗುರುತಿಸಿ ನಕ್ಕರು. ತಮ್ಮನ್ನು ಗುರುತಿಸಿಕೊಂಡವರನ್ನು ನಾನಂತೂ ಕಾಣೆ. 'ತಬರನ ಕಥೆ' ಮುಗಿದ ಮೇಲೆ ಹೀಗೆ ನಗಲು ಬರುವುದಿಲ್ಲ.

ಆ ಧಾರಾವಾಹಿಯನ್ನು ಆಧರಿಸಿದ ಚಲನಚಿತ್ರ 2011ರಲ್ಲಿ ಬಂತು. ಅದರಲ್ಲಿ ಮುಸದ್ದಿಲಾಲ ಕಡತದಲ್ಲಿ ಸತ್ತುಹೋಗಿರುತ್ತಾನೆ. ಪಿಂಚಣಿ ಬೇಕಾದರೆ ತಾನು ಬದುಕಿರುವುದನ್ನು ಸಾಬೀತುಪಡಿಸಬೇಕು. ಇದು ಕೇವಲ ಕಲ್ಪನೆಯಲ್ಲವೆಂಬುದು ನಿಮಗೆ ತಿಳಿದಿದೆ. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬವರು ಕಂದಾಯ ದಾಖಲೆಗಳಲ್ಲಿ 1994ರವರೆಗೂ ಮೃತರಾಗಿದ್ದರು. ತಮ್ಮ ಹೆಸರಿಗೆ ತಾವೇ 'ಮೃತಕ' ಎಂದು ಸೇರಿಸಿಕೊಂಡು, ತಮ್ಮಂತೆ ಕಾಗದದಲ್ಲಿ ಸತ್ತವರ ಸಂಘವನ್ನೇ ಕಟ್ಟಿದರು. ಅವರ ಬದುಕನ್ನು ಆಧರಿಸಿ ಸತೀಶ್ ಕೌಶಿಕ್ ನಿರ್ದೇಶಿಸಿದ 'ಕಾಗಜ್' ಚಿತ್ರ 2021ರಲ್ಲಿ ಬಂತು. ಪಂಕಜ್ ತ್ರಿಪಾಠಿಯವರ ಅಭಿನಯ ಸೊಗಸಾಗಿದೆ. ಆದರೂ ವಿಡಂಬನೆಯು ವಾಸ್ತವದೊಂದಿಗೆ ಓಟದ ಸ್ಪರ್ಧೆಗೆ ನಿಂತರೆ ಈ ದೇಶದಲ್ಲಿ ಗೆಲ್ಲುವುದು ವಾಸ್ತವವೇ ಎಂದು ಆ ಚಿತ್ರ ನೋಡಿದಾಗ ಅನ್ನಿಸಿತು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಈ ಎಲ್ಲ ಕೃತಿಗಳೂ ಮೇಜಿನ ಹೊರಬದಿಯಿಂದ ಬರೆದವು. ಒಳಬದಿಯ ಮನುಷ್ಯನಿಗೆ ಮನಸ್ಸೆಂಬುದಿಲ್ಲವೇ? ಅವನಿಗೂ ಮನೆಯಲ್ಲಿ ಕಾಯಿಲೆಯ ಹೆಂಡತಿಯಿರಬಹುದು, ಅವನೂ ನಾಳೆ ನಿವೃತ್ತನಾಗುವವನೇ. ಆ ಬದಿಯಿಂದ ಕಂಡ ಅತ್ಯುತ್ತಮ ಕೃತಿಯೆಂದು ನಾನು ನೆನೆಯುವುದು ಅಕಿರಾ ಕುರೊಸಾವಾ ಅವರ 1952ರ 'ಇಕಿರು' ಚಿತ್ರವನ್ನು. ನಗರಸಭೆಯ ವಿಭಾಗಾಧಿಕಾರಿ ವತಾನಬೆ ದಶಕಗಳ ಕಾಲ ಕಾಗದಗಳ ಮೇಲೆ ಮೊಹರು ಒತ್ತಿ ಬದುಕಿದವನು. ಕೊಳಚೆ ನೀರು ನಿಂತ ಜಾಗವನ್ನು ಸರಿಪಡಿಸಿಕೊಡಿ ಎಂದು ಬಂದ ತಾಯಂದಿರನ್ನು ವಿಭಾಗದಿಂದ ವಿಭಾಗಕ್ಕೆ ಅಲೆಸುವ ದೃಶ್ಯ ಆರಂಭದಲ್ಲೇ ಇದೆ. ಅದನ್ನು ನಮ್ಮ ಯಾವ ಜಿಲ್ಲಾ ಕಚೇರಿಯಲ್ಲೂ ಚಿತ್ರೀಕರಿಸಬಹುದಿತ್ತು. ತನಗೆ ಹೊಟ್ಟೆಯ ಕ್ಯಾನ್ಸರೆಂದು ತಿಳಿದ ಮೇಲೆ ವತಾನಬೆ ಆ ಒಂದು ಅರ್ಜಿಯನ್ನು ಹಿಡಿದು, ಮೇಜಿನಿಂದ ಮೇಜಿಗೆ ತಾನೇ ನಡೆದು, ಅಲ್ಲೊಂದು ಮಕ್ಕಳ ಉದ್ಯಾನ ಮಾಡಿಸುತ್ತಾನೆ.

ಆದರೆ ಕುರೊಸಾವಾ ಅಲ್ಲಿಗೇ ನಿಲ್ಲಿಸುವುದಿಲ್ಲ. ವತಾನಬೆ ಸತ್ತ ಮೇಲೆ ಸಹೋದ್ಯೋಗಿಗಳೆಲ್ಲ ಕುಡಿದು, ಅತ್ತು, ನಾವೂ ಅವನಂತೆಯೇ ಕೆಲಸ ಮಾಡೋಣವೆಂದು ಪ್ರತಿಜ್ಞೆ ಮಾಡುತ್ತಾರೆ. ಮತ್ತೆ ಕಚೇರಿ ತೆರೆದಾಗ ಎಲ್ಲವೂ ಹಿಂದಿನಂತೆಯೇ. ಈ ಚಿತ್ರವನ್ನು 2022ರಲ್ಲಿ 'ಲಿವಿಂಗ್' ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಕಚೇರಿಗೆ ಒಗ್ಗಿಸಿ ಮತ್ತೆ ತೆಗೆದರು. ಬಿಲ್ ನೈ ಅವರ ಅಭಿನಯ ಬಹಳ ಘನವಾದದ್ದು. ಜಪಾನಿನಿಂದ ಲಂಡನ್ನಿಗೆ ಇಷ್ಟು ಸುಲಭವಾಗಿ ಹೋಗಬಲ್ಲ ಕತೆ ಕನ್ನಡಕ್ಕೆ ಏಕೆ ಬರಲಿಲ್ಲ? ಬದಲಾಗಲು ಮರಣದ ನೋಟೀಸು ಬೇಕೇ ಎಂದು ಕೇಳುವ, ಕುರ್ಚಿಯೊಳಗಿನ ಮನುಷ್ಯನನ್ನು ತಬರನಷ್ಟೇ ಆಳವಾಗಿ ತೋರಿಸುವ ಕನ್ನಡ ಕಾದಂಬರಿಯನ್ನು ನಾನಿನ್ನೂ ಹುಡುಕುತ್ತಿದ್ದೇನೆ. ಇಲ್ಲಿರುವ ಯಾರಾದರೂ ಅದನ್ನು ಬರೆಯಬೇಕು. ಅನುಭವಕ್ಕಂತೂ ನಮ್ಮಲ್ಲಿ ಕೊರತೆಯಿಲ್ಲ.

ಇದೆಲ್ಲ ಹಳೆಯ ಕಾಲದ ಮಾತು, ಈಗ ಎಲ್ಲವೂ ಗಣಕಯಂತ್ರದಲ್ಲಿ ನಡೆಯುತ್ತದೆಯಲ್ಲ ಎಂದು ಕಿರಿಯ ಮಿತ್ರರು ಕೇಳಬಹುದು. ನಿಜ, ಬಹಳಷ್ಟು ಸುಧಾರಿಸಿದೆ. ಅದನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಪಿಂಚಣಿದಾರರು ಪ್ರತಿ ವರ್ಷ ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು ಬೆರಳಚ್ಚಿನ ಮೂಲಕ ಮನೆಯಿಂದಲೇ ಕೊಡುವ ವ್ಯವಸ್ಥೆ 2014ರ ನವೆಂಬರಿನಲ್ಲಿ ಬಂತು. ಮುದುಕರ ಬೆರಳ ಗೆರೆ ಸವೆದು ಯಂತ್ರಕ್ಕೆ ಕಾಣದಾದಾಗ, 2021ರಲ್ಲಿ ಮುಖ ನೋಡಿ ಗುರುತಿಸುವ ಕ್ರಮವೂ ಬಂತು. ತಬರನಿಗೆ ಇಷ್ಟು ಸೌಕರ್ಯವಿರಲಿಲ್ಲ. ಆದರೆ ಗಣಕಯಂತ್ರಕ್ಕೂ ಒಂದು ಮೇಜಿದೆ. ಅದರ ಹಿಂದೆ ಯಾರೂ ಕುಳಿತಿರುವುದಿಲ್ಲವಾದ್ದರಿಂದ ಕೈಮುಗಿಯಲೂ ಅಲ್ಲಿ ಎಡೆಯಿಲ್ಲ.

ನಮ್ಮವರಿಗೇ ವಿಶಿಷ್ಟವಾದ ತೊಡಕೊಂದನ್ನು ಹೇಳುತ್ತೇನೆ. ಅದು ನಮ್ಮ ಹೆಸರು. ಹೆಸರಿನ ಹಿಂದೆ ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ ಇಟ್ಟುಕೊಂಡು ಬಂದವರು ನಾವು. ಉತ್ತರದ ನಮೂನೆಗಳಲ್ಲಿ 'ಉಪನಾಮ' ಎಂಬ ಕಲಮಿದೆ. ಆ ಕಲಮನ್ನು ತುಂಬಲು ಒಂದು ಕಡೆ ಊರಿನ ಹೆಸರು ಬರೆದೆವು, ಇನ್ನೊಂದು ಕಡೆ ತಂದೆಯ ಹೆಸರು, ಮತ್ತೊಂದು ಕಡೆ ನಮ್ಮದೇ ಹೆಸರಿನ ಉತ್ತರಾರ್ಧ. ನನಗೆ ಪರಿಚಯದ ಹಿರಿಯರೊಬ್ಬರು ತೀರಿಕೊಂಡಾಗ ಅವರ ಪತ್ನಿಯ ಕುಟುಂಬ ಪಿಂಚಣಿ ಒಂದು ಕಚೇರಿಯಲ್ಲಿ ಹನ್ನೊಂದು ತಿಂಗಳು ನಿಂತಿತು. ಸೇವಾ ಪುಸ್ತಕದಲ್ಲಿ ಆಕೆಯ ತವರಿನ ಹೆಸರು, ಬ್ಯಾಂಕಿನ ಖಾತೆಯಲ್ಲಿ ಮದುವೆಯಲ್ಲಿ ಅತ್ತೆಮನೆಯವರು ಇಟ್ಟ ಹೆಸರು, ಆಧಾರ್ ಚೀಟಿಯಲ್ಲಿ ಅದೇ ಹೆಸರಿಗೆ ಗಂಡನ ಊರು ಅಂಟಿಕೊಂಡಿತ್ತು. ನಲವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಹೆಂಗಸು ಕಾಗದದಲ್ಲಿ ಮೂವರು ಹೆಂಗಸರಾಗಿದ್ದರು. ಆ ಮೂವರಲ್ಲಿ ಯಾರು ವಿಧವೆಯೆಂದು ತೀರ್ಮಾನಿಸುವುದು ಕಚೇರಿಗೆ ಸಾಧ್ಯವಾಗಲಿಲ್ಲ. ಅಲ್ಲಿ ಯಾರೂ ಲಂಚ ಕೇಳಲಿಲ್ಲ. ಯಾರೂ ಗದರಲಿಲ್ಲ. ಪ್ರತಿ ಪತ್ರಕ್ಕೂ ನಯವಾದ ಉತ್ತರವೇ ಬಂತು. ಆಕೆಗೆ ಹಿಂದಿ ಅಷ್ಟಾಗಿ ಬಾರದು, ಇಂಗ್ಲಿಷ್ ಬಾರದೇ ಬಾರದು. ಆ ಪತ್ರಗಳನ್ನು ಅವರು ದೇವರ ಗೂಡಿನಲ್ಲಿ ಜೋಡಿಸಿಟ್ಟಿದ್ದರು.

ತಬರನ ಕತೆಯನ್ನು ನಾನು ಮತ್ತೆ ಓದಿದ್ದು ಆ ದಿನಗಳಲ್ಲೇ. ಅರ್ಜಿ ಬರೆದುಕೊಡುವವರು, ಜೊತೆಗೆ ಹೋಗಿ ಆ ಭಾಷೆಯಲ್ಲಿ ಒಂದು ಮಾತು ಕೇಳುವವರು ಒಬ್ಬರಿದ್ದಿದ್ದರೆ ತಬರನ ಗತಿ ಬೇರೆಯಾಗುತ್ತಿತ್ತೇ ಎಂಬ ಪ್ರಶ್ನೆ ಆಗ ನನ್ನಲ್ಲಿ ಎದ್ದಿತು. ಕತೆಯ ಊರಿನಲ್ಲಿ ಎಲ್ಲರೂ ಇದ್ದಾರೆ. ತಬರನೊಂದಿಗೆ ಮೇಜಿನವರೆಗೆ ನಡೆಯುವವರು ಮಾತ್ರ ಇಲ್ಲ. ವಿಮರ್ಶಕರು ಈ ಕೃತಿಯನ್ನು ಸ್ವಾತಂತ್ರ್ಯೋತ್ತರ ವ್ಯವಸ್ಥೆಯ ಟೀಕೆಯೆಂದು ಓದುತ್ತಾರೆ. ಅದು ಸರಿಯೇ. ಆದರೆ ಊರಿನ ಟೀಕೆಯಾಗಿಯೂ ಅದನ್ನು ಓದಬೇಕೆಂದು ನನ್ನ ವಿನಂತಿ. ವ್ಯವಸ್ಥೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಊರಾಗುವುದು ನಮ್ಮ ಕೈಯಲ್ಲಿದೆ. ಹೊರನಾಡಿನಲ್ಲಿ ಸಂಘವೇ ನಮಗೆ ಊರು.

ಆದ್ದರಿಂದ ಒಂದು ಸೂಚನೆಯೊಂದಿಗೆ ನನ್ನ ಮಾತು ಮುಗಿಸುತ್ತೇನೆ. ನವೆಂಬರ್ ನಮಗೆ ರಾಜ್ಯೋತ್ಸವದ ತಿಂಗಳು. ಪಿಂಚಣಿದಾರರು ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ತಿಳಿಸುವ ತಿಂಗಳೂ ಅದೇ. ಮುಂದಿನ ರಾಜ್ಯೋತ್ಸವದಂದು ಚಪ್ಪರದ ಒಂದು ಮೂಲೆಯಲ್ಲಿ, ಪುಸ್ತಕದ ಮಳಿಗೆಯ ಪಕ್ಕದಲ್ಲಿ, ಒಂದು ಮೇಜು ಹಾಕೋಣ. ನಮ್ಮಲ್ಲಿ ಲೆಕ್ಕಪತ್ರ ಬಲ್ಲ ನಿವೃತ್ತರಿದ್ದಾರೆ, ಗಣಕಯಂತ್ರ ಬಲ್ಲ ತರುಣ ತರುಣಿಯರಿದ್ದಾರೆ. ಹೆಸರಿನ ತಾಳೆ ನೋಡಲು, ನಮೂನೆ ತುಂಬಲು, ಬಂದ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಲು ಒಂದು ದಿನ ಕೊಡೋಣ. ಸಂಜೆ 'ತಬರನ ಕಥೆ'ಯನ್ನು ಪರದೆಯ ಮೇಲೆ ತೋರಿಸೋಣ, ಪಂಜಾಬಿ ಬಂಗಾಳಿ ನೆರೆಯವರನ್ನೂ ಕರೆಯೋಣ. ಆ ಮೇಜಿನ ಹಿಂದೆ ಕೂರಲು ನಾನು ಈಗಲೇ ಹೆಸರು ಕೊಡುತ್ತೇನೆ. ಎದುರಿಗೆ ಎರಡು ಕುರ್ಚಿಗಳಿರಲಿ. ಬಂದವರು ನಿಂತು ಮಾತನಾಡಬಾರದು.